ಅಡಿ-ಇಂಚಿನಿಂದ ಮೀಟರಿಗೆ: ನಿಮ್ಮ ಊರಲ್ಲಿ ಮೆಟ್ರಿಕ್ ಅಳತೆ ಬಳಕೆಗೆ ತರುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆ ಕಟ್ಟುವಾಗ ಅಡುಗೆಮನೆಯ ಕಿಟಕಿ ಗೋಡೆಯೊಳಗೆ ಕೂರಲೇ ಇಲ್ಲ. ನಕ್ಷೆಯಲ್ಲಿ ಕಿಟಕಿಯ ಅಗಲ 1200 ಮಿಲಿಮೀಟರ್ ಎಂದಿತ್ತು. ಮೇಸ್ತ್ರಿ ಅಷ್ಟೇ ಜಾಗ ಬಿಟ್ಟು ಗೋಡೆ ಎತ್ತಿದ್ದರು. ಬಡಗಿಗೆ ಮಾತ್ರ ಯಾರೋ "ನಾಲ್ಕು ಅಡಿ" ಎಂದು ಹೇಳಿದ್ದರು. ನಾಲ್ಕು ಅಡಿ ಅಂದರೆ 1219 ಮಿಲಿಮೀಟರ್. ಜಾಸ್ತಿಯಾಗಿದ್ದು 19 ಮಿಲಿಮೀಟರ್, ಹೆಚ್ಚುಕಮ್ಮಿ ಒಂದು ಬೆರಳಿನ ಅಗಲ. ಅಷ್ಟಕ್ಕೇ ಹೊಸ ಗೋಡೆಯ ಅಂಚನ್ನು ಉಳಿ ಹಿಡಿದು ಕೆತ್ತಬೇಕಾಯಿತು. ಆಮೇಲೆ ನೋಡಿದರೆ ಇಬ್ಬರ ಜೇಬಿನಲ್ಲೂ ಇದ್ದದ್ದು ಒಂದೇ ಥರದ ಟೇಪು. ಒಬ್ಬರು ಅದರ ಮೇಲಿನ ಅಂಚು ಓದಿದ್ದರು, ಇನ್ನೊಬ್ಬರು ಕೆಳಗಿನ ಅಂಚು.

ಮೆಟ್ರಿಕ್ ಅಳತೆಗೆ ನಮ್ಮ ದೇಶದಲ್ಲಿ ಕಾನೂನು ಬಂದು ಆರು ದಶಕ ದಾಟಿದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಕೆಲಸ ಬೇರೆ ಥರ. ಅಲ್ಲಿ 1975ರ ಕಾಯ್ದೆ ಬದಲಾವಣೆಯನ್ನು ಜನರ ಇಷ್ಟಕ್ಕೆ ಬಿಟ್ಟಿತು. ಅದನ್ನು ನೋಡಿಕೊಳ್ಳಲು ಮಾಡಿದ್ದ ಮಂಡಳಿಯನ್ನೂ 1982ರಲ್ಲಿ ಮುಚ್ಚಿದರು. ಅವರು ಇನ್ನೂ ಸರ್ಕಾರದ ಬಾಗಿಲು ತಟ್ಟಬೇಕು. ನಾವು ತಟ್ಟಬೇಕಾದ್ದು ಪಕ್ಕದ ಮನೆಯ ಬಾಗಿಲು. ನಮ್ಮಲ್ಲಿ ಉಳಿದಿರುವುದು ಅಭ್ಯಾಸ ಬದಲಿಸುವ ಕೆಲಸ. ಅದನ್ನು ಐದಾರು ಜನ ಸೇರಿ ಒಂದು ಬಡಾವಣೆಯಲ್ಲಿ ಹೇಗೆ ಮಾಡಬಹುದು ಎಂದು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವಾರ ಸುಮ್ನೆ ನೋಡಿ, ಬರೆದುಕೊಳ್ಳಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡ ಪುಟದಲ್ಲಿ ಮೆಟ್ರಿಕ್ ಆಗಿರುವುದು, ಬಲ ಪುಟದಲ್ಲಿ ಆಗದೆ ಇರುವುದು. ಅಂಗಡಿ, ಶಾಲೆ, ಆಸ್ಪತ್ರೆ, ಕಟ್ಟಡ ಏಳುತ್ತಿರುವ ಜಾಗ, ಎಲ್ಲ ಕಡೆ ಕಿವಿ ತೆರೆದಿಟ್ಟುಕೊಂಡು ಓಡಾಡಿ. ಈ ವಾರ ಯಾರನ್ನೂ ತಿದ್ದಲು ಹೋಗಬೇಡಿ.

ಎಡ ಪುಟ ಬೇಗ ತುಂಬುತ್ತದೆ. ಅಕ್ಕಿ-ಬೇಳೆ ಕೆಜಿಯಲ್ಲಿ, ಹಾಲು-ಪೆಟ್ರೋಲು ಲೀಟರಿನಲ್ಲಿ, ಬಟ್ಟೆ ಮೀಟರಿನಲ್ಲಿ, ಅಡಿಕೆ ಕ್ವಿಂಟಾಲಿನಲ್ಲಿ, ಸಿಮೆಂಟು 50 ಕೆಜಿ ಮೂಟೆಯಲ್ಲಿ. ಬಲ ಪುಟ ನೋಡಿ: ಸೈಟು 30×40, ಮನೆ ಹತ್ತು ಚದರ, ಪೈಪು ಅರ್ಧ ಇಂಚು, ಬಾಗಿಲು ಏಳು ಅಡಿ, ಹುಡುಗನ ಎತ್ತರ ಐದು ಅಡಿ ಆರು ಇಂಚು, ಜ್ವರ ನೂರಾ ಎರಡು. ದರ್ಜಿಯ ಕೊರಳಲ್ಲಿರುವ ಟೇಪಿನಲ್ಲಿ ಬಳಕೆಯಾಗುವುದೂ ಇಂಚೇ.

ಎರಡೂ ಪುಟಕ್ಕೆ ಸೇರುವ ವಸ್ತುಗಳೂ ಸಿಗುತ್ತವೆ. ಅವನ್ನು ಬಿಡಬೇಡಿ, ಅಲ್ಲೇ ನಿಮ್ಮ ಕೆಲಸ ಸುಲಭ. ಪ್ಲೈವುಡ್ ನೋಡಿ. ದಪ್ಪ ಕೇಳಿದರೆ "ಹದಿನೆಂಟು ಎಂಎಂ" ಅನ್ನುತ್ತಾರೆ, ಹಾಳೆಯ ಅಳತೆ ಕೇಳಿದರೆ "ಎಂಟು ನಾಲ್ಕು" ಅನ್ನುತ್ತಾರೆ, ಅಂದರೆ ಅಡಿ. ಕಂಬಿ ಎಂಟು ಎಂಎಂ, ಹತ್ತು ಎಂಎಂ. ಅದೇ ಕಂಬಿಯನ್ನು ಕಟ್ಟುವಾಗ ನಡುವಿನ ಅಂತರ ಮಾತ್ರ ಆರು ಇಂಚು. ನಮ್ಮ ಕೆಲಸಗಾರರಿಗೆ ಮಿಲಿಮೀಟರ್ ಗೊತ್ತಿಲ್ಲ ಅನ್ನುವುದು ಸುಳ್ಳು. ದಿನಾ ಬಳಸುತ್ತಾರೆ, ಅರ್ಧ ದಾರಿಗೆ ಬಂದು ನಿಂತಿದ್ದಾರೆ ಅಷ್ಟೇ.

ಒಂದೇ ಒಂದು ಗುರಿ ಆರಿಸಿ

ಬಲ ಪುಟದಲ್ಲಿರುವುದನ್ನೆಲ್ಲ ಒಟ್ಟಿಗೆ ಹಿಡಿದರೆ ಯಾವುದೂ ಆಗುವುದಿಲ್ಲ. ಎರಡು ಪ್ರಶ್ನೆ ಕೇಳಿಕೊಳ್ಳಿ. ಎಲ್ಲಿ ಅಳತೆ ತಪ್ಪಿದರೆ ಜನರಿಗೆ ದುಡ್ಡಿನ ನಷ್ಟ ಆಗುತ್ತದೆ? ಎಲ್ಲಿ ನಾಲ್ಕೈದು ಜನ ಒಪ್ಪಿದರೆ ಸಾಕು, ಬದಲಾವಣೆ ಆಗಿಬಿಡುತ್ತದೆ?

ನನ್ನ ಉತ್ತರ ಮನೆ ಕಟ್ಟುವ ಕೆಲಸ. ಮಾಲೀಕರು, ಇಂಜಿನಿಯರ್, ಮೇಸ್ತ್ರಿ, ಬಡಗಿ, ಟೈಲ್ಸ್ ಹಾಕುವವರು, ಇಷ್ಟು ಜನ ಒಪ್ಪಿದರೆ ಆಯಿತು. ಮುಂದೆ ಬರೆದಿರುವುದೆಲ್ಲ ಇದನ್ನೇ ಉದಾಹರಣೆಯಾಗಿ ಇಟ್ಟುಕೊಂಡು. ಮಕ್ಕಳ ಔಷಧಿಯನ್ನು ಅಡುಗೆಮನೆ ಚಮಚದ ಬದಲು ಎಂಎಲ್ ಗುರುತಿರುವ ಮುಚ್ಚಳದಲ್ಲಿ ಅಳೆಯುವುದೂ ಒಳ್ಳೆಯ ಗುರಿ. ನಿಮ್ಮ ತಂಡದಲ್ಲಿ ನರ್ಸ್ ಅಥವಾ ಆಶಾ ಕಾರ್ಯಕರ್ತೆ ಇದ್ದರೆ ಅದನ್ನೇ ಹಿಡಿಯಿರಿ.

ಎರಡು ವಿಷಯ ಬಿಟ್ಟುಬಿಡಿ ಅಂತ ನಾನು ಹೇಳುತ್ತೇನೆ. ಮೊದಲನೆಯದು ಜಮೀನಿನ ಎಕರೆ-ಗುಂಟೆ. ಪಹಣಿಯೇ ಆ ಲೆಕ್ಕದಲ್ಲಿದೆ, ಬಡಾವಣೆಯ ತಂಡದಿಂದ ಅದು ಆಗುವ ಕೆಲಸವಲ್ಲ. ಎರಡನೆಯದು ಹೂವಿನ ಮೊಳ. ಬುಟ್ಟಿ ಇಟ್ಟುಕೊಂಡು ಕೂತ ಅಮ್ಮ ಮೊಳ ಹಾಕಿ ಕೊಡುವಾಗ ಅವರ ಮುಂದೆ ಸ್ಕೇಲು ಹಿಡಿದು ನಿಂತರೆ ಜನ ನಿಮ್ಮ ಮಾತು ಕೇಳುವುದನ್ನೇ ಬಿಡುತ್ತಾರೆ. ಬಿಡುವುದು ನ್ಯಾಯವೂ ಹೌದು. ಬಡವರ ವ್ಯಾಪಾರದಿಂದ ಶುರು ಮಾಡಬಾರದು.

ಹಳೆಯ ಕಥೆ ಗೊತ್ತಿರಲಿ

ಸಭೆಯಲ್ಲಿ ಯಾರಾದರೂ "ಇದೆಲ್ಲ ನಮ್ಮ ದೇಶದಲ್ಲಿ ಆಗಲ್ಲ ರೀ" ಅಂದೇ ಅನ್ನುತ್ತಾರೆ. ಆಗ ಹೇಳಲು ಇಷ್ಟು ತಿಳಿದಿರಬೇಕು.

ಬ್ರಿಟಿಷರ ಕಾಲದಲ್ಲಿ, 1871ರಲ್ಲೇ, ಕಿಲೋಗ್ರಾಂ ತೂಕವನ್ನು ತರುವ ಕಾಯ್ದೆ ಆಗಿತ್ತು. ಅದು ಕಾಗದದಲ್ಲೇ ಉಳಿಯಿತು. ಆಮೇಲೆ ಕಲ್ಕತ್ತೆಯ ಫಣೀಂದ್ರನಾಥ ಸೇಠ್ ಮತ್ತು ಜೊತೆಗಾರರು ಇಂಡಿಯನ್ ಡೆಸಿಮಲ್ ಸೊಸೈಟಿಯ ಮೂಲಕ ವರ್ಷಗಟ್ಟಲೆ ಜನರ, ಸರ್ಕಾರದ ಮನವೊಲಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಭಾರತೀಯ ಮಾನಕ ಸಂಸ್ಥೆಯ ನಿರ್ದೇಶಕರಾಗಿದ್ದ ಲಾಲ್ ಚಂದ್ ವರ್ಮನ್ ಅದಕ್ಕೆ ಬೆನ್ನೆಲುಬಾದರು. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. 1957ರ ಏಪ್ರಿಲ್ 1ರಂದು ದುಡ್ಡು ಬದಲಾಯಿತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, 64 ಪೈಸೆ, 192 ಕಾಸು. ಆಮೇಲೆ ನೂರು ನಯಾಪೈಸೆ. 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ತೂಕ ಒಂದೊಂದೇ ಪ್ರದೇಶಕ್ಕೆ, ಒಂದೊಂದೇ ಉದ್ಯಮಕ್ಕೆ ಬಂತು.

ಅದು ಎಂಥ ಬದಲಾವಣೆ ಅಂತ ಅರ್ಥ ಆಗಬೇಕಾದರೆ ಸೇರಿನ ಗೊಂದಲ ನೋಡಬೇಕು. ಹಳೇ ಮೈಸೂರಿನ ಕಚ್ಚಾ ಸೇರು 24 ತೊಲ, ಅಂದರೆ ಸುಮಾರು 280 ಗ್ರಾಂ. ಪಕ್ಕಾ ಸೇರು 80 ತೊಲ, ಸುಮಾರು 933 ಗ್ರಾಂ. ಹೆಸರು ಒಂದೇ, ತೂಕ ಮೂರು ಪಟ್ಟಿಗೂ ಜಾಸ್ತಿ ಬೇರೆ. ಓದು ಬರಹ ಬರದ ಕೋಟ್ಯಂತರ ಜನ, ಮೊಬೈಲು ಟಿವಿ ಯಾವುದೂ ಇಲ್ಲದ ಕಾಲದಲ್ಲಿ, ಕೆಲವೇ ವರ್ಷದಲ್ಲಿ ಸೇರು-ಮಣ ಬಿಟ್ಟು ಕೆಜಿಗೆ ಬಂದರು. ನಮ್ಮ ಅಜ್ಜಿಯಂದಿರು ಮಾಡಿದ ಕೆಲಸ ಇದು!

ಆ ಕಾಲದಿಂದ ನಾವು ಕಲಿಯಬೇಕಾದ್ದು ಮೂರು. ಖಚಿತ ದಿನಾಂಕ ಇತ್ತು. ಒಂದೊಂದೇ ಜಾಗ ಹಿಡಿದರು. ಹಳೆಯದಕ್ಕೆ ಕೊಟ್ಟ ಸಮಯ ಮುಗಿದ ಮೇಲೆ ಅದನ್ನು ನಿಲ್ಲಿಸಿಯೇಬಿಟ್ಟರು. 1871ರ ಕಾಯ್ದೆಯ ಹಿಂದೆ ಈ ದುಡಿಮೆ ಇರಲಿಲ್ಲ.

ತಂಡ ಕಟ್ಟಿ

ಐದರಿಂದ ಏಳು ಜನ ಸಾಕು. ಒಬ್ಬರಾದರೂ ಮೇಸ್ತ್ರಿ ಅಥವಾ ಬಡಗಿ ಇರಲೇಬೇಕು. ಅವರಿಲ್ಲದೆ ಬರೀ ಓದಿದವರು ಸೇರಿದರೆ ಅದು ಉಪದೇಶ ಆಗುತ್ತದೆ. ಒಬ್ಬ ಸಿವಿಲ್ ಇಂಜಿನಿಯರ್, ಒಬ್ಬ ಗಣಿತದ ಮೇಷ್ಟ್ರು ಅಥವಾ ಟೀಚರ್, ಬಡಾವಣೆಯ ಸಂಘದಿಂದ ಒಬ್ಬರು, ಹಾರ್ಡ್‌ವೇರ್ ಅಂಗಡಿಯವರು ಒಬ್ಬರು. ಸಭೆ ಭಾನುವಾರ ಸಂಜೆ ಇಡಿ. ಕೆಲಸಗಾರರಿಗೆ ಬೇರೆ ದಿನ ಬಂದರೆ ಕೂಲಿ ಹೋಗುತ್ತದೆ.

ಮಾತು ದುಡ್ಡಿನಿಂದ ಶುರುವಾಗಲಿ

ವಿಜ್ಞಾನ, ಜಗತ್ತು, ಪ್ರಗತಿ ಅಂತ ಶುರು ಮಾಡಬೇಡಿ. ಸೈಟಿನಿಂದ ಶುರು ಮಾಡಿ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹಂಚುವ ಸೈಟುಗಳ ಅಳತೆ 6×9, 9×12, 12×18 ಮೀಟರ್ ಹೀಗೆ ಇರುತ್ತದೆ. ಜನರ ಬಾಯಲ್ಲಿ 9×12 ಮೀಟರಿನ ಸೈಟು "ಥರ್ಟಿ ಫಾರ್ಟಿ" ಆಗುತ್ತದೆ. ಈಗ ಲೆಕ್ಕ ಹಾಕಿ. 9×12 ಅಂದರೆ 108 ಚದರ ಮೀಟರ್. ಒಂದು ಚದರ ಮೀಟರಿಗೆ 10.764 ಚದರಡಿ. ಹಾಗಾಗಿ ಸೈಟು 1162.5 ಚದರಡಿ. 30×40 ಅಂದರೆ 1200 ಚದರಡಿ. ವ್ಯತ್ಯಾಸ 37.5 ಚದರಡಿ. ಚದರಡಿಗೆ 5,000 ರೂಪಾಯಿ ಅಂತ ಇಟ್ಟುಕೊಳ್ಳಿ. ಬ್ರೋಕರ್ ಬಾಯಿಮಾತಿನಲ್ಲಿ 1200 ಅಂತ ಲೆಕ್ಕ ಹಾಕಿದರೆ ಕೊಳ್ಳುವವರು 1,87,500 ರೂಪಾಯಿ ಇಲ್ಲದ ಜಾಗಕ್ಕೆ ಕೊಟ್ಟಂತೆ.

ಈ ಲೆಕ್ಕವನ್ನು ಸಭೆಯಲ್ಲಿ ಬೋರ್ಡಿನ ಮೇಲೆ ನಿಧಾನವಾಗಿ ಬರೆಯಿರಿ. ನೀವೇ ಉತ್ತರ ಹೇಳಬೇಡಿ. ಬಂದವರು ತಮ್ಮ ಮೊಬೈಲಿನಲ್ಲಿ ಗುಣಿಸಲಿ. ಮನೆಗೆ ಹೋಗಿ ತಮ್ಮ ಪತ್ರ ತೆಗೆದು ನೋಡುವಂತೆ ಹೇಳಿ. ನೋಂದಣಿ ಇಲಾಖೆಯ ಮಾರ್ಗಸೂಚಿ ದರ ಕೂಡ ಸೈಟುಗಳಿಗೆ ಚದರ ಮೀಟರ್ ಲೆಕ್ಕದಲ್ಲೇ ಇದೆ. ಸರ್ಕಾರಿ ಕಾಗದ ಮೀಟರಿನಲ್ಲಿ, ವ್ಯವಹಾರದ ಮಾತು ಅಡಿಯಲ್ಲಿ. ನಡುವೆ ಸೋರಿ ಹೋಗುವುದು ನಮ್ಮ ದುಡ್ಡು.

ಎರಡನೇ ಉದಾಹರಣೆ ಟೈಲ್ಸ್. ಎಲ್ಲರೂ "ಎರಡು ಬೈ ಎರಡು" ಅನ್ನುತ್ತೇವೆ. ಡಬ್ಬದ ಮೇಲೆ ಇರುವುದು 600×600 ಮಿಲಿಮೀಟರ್. ಎರಡು ಅಡಿ ಅಂದರೆ 609.6. ಇಪ್ಪತ್ತು ಅಡಿ ಹಾಲಿಗೆ ಹತ್ತು ಟೈಲ್ಸ್ ಸಾಲಾಗಿ ಇಟ್ಟರೆ 96 ಮಿಲಿಮೀಟರ್ ಉಳಿಯುತ್ತದೆ. ಸಂದುಗಳಿಗೆ ಸ್ವಲ್ಪ ಹೋದರೂ ಗೋಡೆಯ ಪಕ್ಕ ಮೂರು ಬೆರಳಿಗಿಂತ ಅಗಲದ ಪಟ್ಟಿಗೆ ಟೈಲ್ಸ್ ಕತ್ತರಿಸಿ ಹಾಕಬೇಕು. ಹಾಲನ್ನು ಮೊದಲೇ 6000 ಎಂದು ಹಾಕಿಕೊಂಡು, ಸಂದಿನ ಜಾಗವನ್ನೂ ಸೇರಿಸಿಕೊಂಡಿದ್ದರೆ ಆ ಪಟ್ಟಿಯೇ ಬೇಕಿರಲಿಲ್ಲ. ಟೈಲ್ಸ್ ಹಾಕುವವರ ಕೈಲೇ ಇದನ್ನು ಹೇಳಿಸಿ. ಅವರಿಗೆ ಇದರ ನೋವು ಚೆನ್ನಾಗಿ ಗೊತ್ತು.

ಮಿಲಿಮೀಟರ್ ಮಾತ್ರ, ಸೆಂಟಿಮೀಟರ್ ಬೇಡ

ಇದು ಸಣ್ಣ ವಿಷಯ ಅನ್ನಿಸಬಹುದು. ನನ್ನ ಪ್ರಕಾರ ಇಡೀ ಕೆಲಸ ಗೆಲ್ಲುವುದು ಇಲ್ಲೇ. ಆಸ್ಟ್ರೇಲಿಯಾದಲ್ಲಿ 1970ರಲ್ಲಿ ಮೆಟ್ರಿಕ್ ಕಾಯ್ದೆ ಬಂತು. ಕಟ್ಟಡದವರು ಮಿಲಿಮೀಟರ್ ಹಿಡಿದರು. ಬಟ್ಟೆ ಉದ್ಯಮದವರು ಸೆಂಟಿಮೀಟರ್ ಹಿಡಿದರು. ಕಟ್ಟಡದವರು ಬೇಗ ಬದಲಾದರು, ಬಟ್ಟೆಯವರು ವರ್ಷಗಟ್ಟಲೆ ಎಳೆದಾಡಿದರು. ಅಲ್ಲಿನ ಮೆಟ್ರಿಕ್ ಪ್ರಚಾರಕ ಪ್ಯಾಟ್ ನಾಟಿನ್ ಜೀವನಪೂರ್ತಿ ಹೇಳುತ್ತಿದ್ದದ್ದು ಇದನ್ನೇ.

ಕಾರಣ ಕಷ್ಟವೇನಿಲ್ಲ. ಮಿಲಿಮೀಟರಿನಲ್ಲಿ ಬರೆದರೆ ಚುಕ್ಕಿ ಬೇಕಾಗುವುದೇ ಇಲ್ಲ. 2.1 ಮೀಟರ್, 210 ಸೆಂಟಿಮೀಟರ್ ಅಂತ ಎರಡು ಥರ ಬರೆದರೆ ಚುಕ್ಕಿ ಅಳಿಸಿಹೋಗುತ್ತದೆ, ತಲೆ ಕೆಡುತ್ತದೆ. 2100 ಅಂತ ಬರೆದರೆ ಅದು 2100 ಅಷ್ಟೇ. ಭಿನ್ನರಾಶಿ ಇಲ್ಲ, "ಮೂರೂವರೆ ಇಂಚು, ಒಂದು ನೂಲು ಕಮ್ಮಿ" ಅನ್ನುವುದು ಇಲ್ಲ. ಕೂಡುವುದು ಕಳೆಯುವುದು ಗೊತ್ತಿದ್ದವರೆಲ್ಲ ಲೆಕ್ಕ ಮಾಡಬಹುದು.

ಟೇಪು ಬದಲಿಸಿ

ಭಾಷಣಕ್ಕಿಂತ ಟೇಪು ಹೆಚ್ಚು ಕೆಲಸ ಮಾಡುತ್ತದೆ. ಎರಡೂ ಅಂಚಿನಲ್ಲಿ ಮಿಲಿಮೀಟರ್ ಇರುವ ಟೇಪು ತರಿಸಲು ಹಾರ್ಡ್‌ವೇರ್ ಅಂಗಡಿಯವರಿಗೆ ಹೇಳಿ. ಸಿಗದಿದ್ದರೆ ಇರುವ ಟೇಪಿನ ಮೊದಲ ಒಂದು ಮೀಟರಿನಷ್ಟು ಇಂಚಿನ ಅಂಚಿಗೆ ಸಣ್ಣ ಬಣ್ಣದ ಅಂಟುಪಟ್ಟಿ ಹಚ್ಚಿ. ನಾಲ್ಕೈದು ದಿನದಲ್ಲಿ ಕಣ್ಣು ತಾನಾಗಿಯೇ ಇನ್ನೊಂದು ಅಂಚಿಗೆ ಹೋಗುತ್ತದೆ.

ಆಮೇಲೆ ಒಂದು ದಿನ ಬೆಳಗ್ಗೆ, ಕೆಲಸ ಶುರುವಾಗುವ ಮುಂಚೆ, ಎಲ್ಲರನ್ನೂ ಕರೆದು ಹೀಗೆ ಮಾಡಿ. ಒಬ್ಬೊಬ್ಬರೂ ತಮ್ಮ ಗೇಣು ಅಳೆದುಕೊಳ್ಳಲಿ. ಒಬ್ಬರದು 205 ಬರುತ್ತದೆ, ಇನ್ನೊಬ್ಬರದು 220. ಅದನ್ನು ಇಟ್ಟಿಗೆ ಚೂರಿನಿಂದ ಗೋಡೆಯ ಮೇಲೆ ಬರೆದುಕೊಳ್ಳಲಿ. ಹೆಬ್ಬೆರಳಿನ ಅಗಲ ಎಷ್ಟು, ನೆಲದಿಂದ ಸೊಂಟಕ್ಕೆ ಎಷ್ಟು ಎಂದೂ ಅಳೆಯಲಿ. ಅಲ್ಲಿಂದ ಮಿಲಿಮೀಟರ್ ಅನ್ನುವುದು ಅವರ ಮೈಯ ಲೆಕ್ಕ. ಅಡಿಯನ್ನು ಗುಣಿಸಿ ಮೀಟರ್ ಮಾಡುವುದನ್ನು ಯಾವತ್ತೂ ಕಲಿಸಬೇಡಿ. ಗುಣಿಸುತ್ತಾ ಕೂತವರು ಅಡಿಯಲ್ಲೇ ಯೋಚಿಸುತ್ತಾರೆ. ನೇರವಾಗಿ ಅಳೆಯಲಿ, ಅಳೆದದ್ದನ್ನೇ ಹೇಳಲಿ.

ಕೆಲಸದ ಜಾಗದಲ್ಲಿ ಒಂದು ಹಾಳೆ ಅಂಟಿಸಿ. ಅದರಲ್ಲಿ ದಿನಾ ಬೇಕಾಗುವ ಅಂಕಿ ಮಾತ್ರ ಇರಲಿ: ಬಾಗಿಲಿನ ಎತ್ತರ 2100, ಕಿಟಕಿ ಅಗಲ 1200, ಅಡುಗೆ ಕಟ್ಟೆಯ ಅಗಲ 600, ಬ್ಲಾಕು 400×200×150. ಪಕ್ಕದಲ್ಲಿ ಅಡಿ-ಇಂಚು ಬರೆಯಬೇಡಿ.

ಗುತ್ತಿಗೆ ಪತ್ರದಲ್ಲಿ ಎರಡು ಸಾಲು ಸೇರಿಸಿ. ಹೀಗೆ ಬರೆದರೆ ಸಾಕು: "ಈ ಕೆಲಸದ ಎಲ್ಲ ಅಳತೆಗಳು ಮಿಲಿಮೀಟರಿನಲ್ಲಿ, ವಿಸ್ತೀರ್ಣ ಚದರ ಮೀಟರಿನಲ್ಲಿ ಇರುತ್ತವೆ. ನಕ್ಷೆ, ಬಿಲ್ಲು, ಬಾಯಿಮಾತು ಎಲ್ಲದಕ್ಕೂ ಇದೇ ಅನ್ವಯ."

ಕೂಲಿಯ ದರದಲ್ಲಿ ಬಹಳ ಜೋಪಾನ. ಕೆಲಸಗಾರರಿಗೆ ಇರುವ ನಿಜವಾದ ಭಯ ಇದು: ಅಳತೆ ಬದಲಿಸುವ ನೆಪದಲ್ಲಿ ನಮ್ಮ ದುಡ್ಡು ಕಮ್ಮಿ ಮಾಡುತ್ತಾರೆ. ಪ್ಲಾಸ್ಟರಿಂಗ್ ಚದರಡಿಗೆ 30 ರೂಪಾಯಿ ಇದೆ ಅಂದುಕೊಳ್ಳಿ. ಚದರ ಮೀಟರಿಗೆ 322 ರೂಪಾಯಿ 92 ಪೈಸೆ ಆಗುತ್ತದೆ. ಅದನ್ನು 325 ಮಾಡಿ. ಯಾವಾಗಲೂ ಕೆಲಸಗಾರರ ಕಡೆಗೆ ದುಂಡು ಮಾಡಿ, ಎಲ್ಲರ ಮುಂದೆ ಲೆಕ್ಕ ತೋರಿಸಿ. ಇಲ್ಲಿ ಎರಡು ರೂಪಾಯಿ ಉಳಿಸಲು ಹೋದರೆ ನಂಬಿಕೆ ಹೋಯಿತು, ಕೆಲಸವೂ ನಿಂತಿತು.

ಶಾಲೆಯ ಮೆಟ್ರಿಕ್ ಮೇಳವನ್ನು ಬಳಸಿಕೊಳ್ಳಿ

ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ, ಮೆಟ್ರಿಕ್ ಮೇಳ ನಡೆಯುವುದು ನಿಮಗೆ ಗೊತ್ತೇ ಇದೆ. ಮಕ್ಕಳು ಸೊಪ್ಪು, ತರಕಾರಿ, ಮಂಡಕ್ಕಿ ತಂದು ತಕ್ಕಡಿ ಹಿಡಿದು ಮಾರುತ್ತಾರೆ. ತೂಕ, ಲೀಟರು, ಚಿಲ್ಲರೆ ಲೆಕ್ಕ ಅಲ್ಲಿ ಚೆನ್ನಾಗಿ ಕಲಿಯುತ್ತಾರೆ. ಉದ್ದದ ಅಳತೆಗೆ ಮಾತ್ರ ಅಲ್ಲಿ ಅಷ್ಟು ಜಾಗ ಇಲ್ಲ. ಅದನ್ನು ನೀವು ಸೇರಿಸಿ.

ಮುಖ್ಯ ಶಿಕ್ಷಕರ ಹತ್ತಿರ ಮೊದಲೇ ಮಾತಾಡಿ ಒಂದು ಮೂಲೆ ಕೇಳಿ. ಗೋಡೆಗೆ ಎರಡು ಮೀಟರಿನ ಪಟ್ಟಿ ಅಂಟಿಸಿ. ಬಂದ ಅಪ್ಪ ಅಮ್ಮಂದಿರ ಎತ್ತರವನ್ನು ಮಕ್ಕಳೇ ಅಳೆದು ಚೀಟಿಯಲ್ಲಿ ಬರೆದು ಕೊಡಲಿ. "ನಿಮ್ಮ ಎತ್ತರ 162 ಸೆಂಟಿಮೀಟರ್" ಅಂತ ಮಗಳು ಕೊಟ್ಟ ಚೀಟಿಯನ್ನು ಯಾವ ತಾಯಿಯೂ ಬಿಸಾಡುವುದಿಲ್ಲ. ಇಲ್ಲಿ ಸೆಂಟಿಮೀಟರ್ ಪರವಾಗಿಲ್ಲ, ಮೈ ಎತ್ತರಕ್ಕೆ ಅದೇ ರೂಢಿ. ಇನ್ನೊಂದು ಮೂಲೆಯಲ್ಲಿ ನಿಮ್ಮ ತಂಡದ ಮೇಸ್ತ್ರಿ ಮಕ್ಕಳಿಗೆ ತರಗತಿಯ ಬಾಗಿಲು ಅಳೆಯುವುದನ್ನು ತೋರಿಸಲಿ.

ದಿನಾಂಕದ ಬಗ್ಗೆ ಒಂದು ಮಾತು. ಮೇ 20 ವಿಶ್ವ ಮಾಪನ ದಿನ. 1875ರ ಆ ದಿನ ಪ್ಯಾರಿಸ್ಸಿನಲ್ಲಿ ಮೀಟರ್ ಒಪ್ಪಂದಕ್ಕೆ ಸಹಿ ಬಿತ್ತು. ಆದರೆ ನಮ್ಮಲ್ಲಿ ಅದು ಬೇಸಿಗೆ ರಜೆ. ನಮ್ಮಲ್ಲಿ ಮೆಟ್ರಿಕ್ ತೂಕ ಶುರುವಾದ ಅಕ್ಟೋಬರ್ 1 ಇನ್ನೂ ಚೆನ್ನಾಗಿತ್ತು, ಆದರೆ ಎಷ್ಟೋ ವರ್ಷ ಅದು ದಸರಾ ರಜೆಗೆ ಸಿಕ್ಕಿಕೊಳ್ಳುತ್ತದೆ. ಶಾಲೆಯ ಮೇಳ ಯಾವಾಗ ಇದೆಯೋ ಅದೇ ನಿಮ್ಮ ದಿನ.

ಪತ್ರ ಬರೆಯುವುದು

2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 11ನೇ ಕಲಮಿನ ಪ್ರಕಾರ ಸರಕು, ವಸ್ತು, ಸೇವೆಗಳ ಬೆಲೆಪಟ್ಟಿ, ಬಿಲ್ಲು, ಜಾಹೀರಾತುಗಳಲ್ಲಿ ಪ್ರಮಾಣಿತ ಅಳತೆಯನ್ನೇ ಬಳಸಬೇಕು. ಟಿವಿ ಡಬ್ಬದ ಮೇಲೆ "80 ಸೆಂ.ಮೀ." ಅಂತ ಮೊದಲು ಬರೆದು ಆಮೇಲೆ 32 ಇಂಚು ಬರೆದಿರುವುದನ್ನು ನೋಡಿದ್ದೀರಿ, ಅಲ್ವಾ? ಅಂಥ ಬದಲಾವಣೆ ಕೇಳುವ ಹಕ್ಕು ನಮಗಿದೆ.

ಆದರೆ ಮೊದಲ ಪತ್ರದಲ್ಲೇ ಕಲಂ, ದಂಡ ಅಂತ ಹೆದರಿಸಬೇಡಿ. ಅಂಗಡಿಯವರಿಗೆ, ಮನೆ ಕಟ್ಟಿಸುವ ಸಂಸ್ಥೆಗೆ ಮೊದಲು ಹೀಗೆ ಬರೆಯಿರಿ:

"ಮಾನ್ಯರೇ, ನಿಮ್ಮ ಕರಪತ್ರದಲ್ಲಿ ಮನೆಗಳ ವಿಸ್ತೀರ್ಣ ಚದರಡಿಯಲ್ಲಿ ಮಾತ್ರ ಇದೆ. ನಮ್ಮ ಬಡಾವಣೆಯವರು ಸರ್ಕಾರಿ ಪತ್ರದೊಂದಿಗೆ ಹೋಲಿಸಿ ನೋಡಲು ಕಷ್ಟವಾಗುತ್ತಿದೆ. ದಯವಿಟ್ಟು ಮುಂದಿನ ಮುದ್ರಣದಲ್ಲಿ ಚದರ ಮೀಟರನ್ನು ಮೊದಲು, ದೊಡ್ಡ ಅಕ್ಷರದಲ್ಲಿ ಹಾಕಿ. ಹಾಕಿದರೆ ನಾವೇ ನಮ್ಮ ಸಭೆಯಲ್ಲಿ ನಿಮ್ಮ ಹೆಸರು ಹೇಳಿ ಧನ್ಯವಾದ ಹೇಳುತ್ತೇವೆ."

ಒಂದು ತಿಂಗಳು ಕಾಯಿರಿ. ಉತ್ತರ ಬರದಿದ್ದರೆ ಖುದ್ದಾಗಿ ಹೋಗಿ ಮಾತಾಡಿ. ಅದೂ ಆಗದಿದ್ದರೆ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆಯ ಅಧಿಕಾರಿಗೆ ಕರಪತ್ರದ ಪ್ರತಿ ಲಗತ್ತಿಸಿ ಅರ್ಜಿ ಕೊಡಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯಲು ಮರೆಯಬೇಡಿ.

ಎದುರು ಮಾತು ಬಂದಾಗ

"ಅಡಿ-ಇಂಚು ನಮ್ಮ ಹಿರಿಯರದ್ದು" ಅನ್ನುವವರಿಗೆ ಜಗಳ ಮಾಡದೆ ನೆನಪಿಸಿ. ನಮ್ಮ ಹಿರಿಯರದ್ದು ಗೇಣು, ಮೊಳ, ಮಾರು. ಇಂಚು ಬ್ರಿಟಿಷರದ್ದು.

"ಎರಡೂ ಇರಲಿ ಬಿಡಿ, ಯಾರಿಗೆ ಯಾವುದು ಬೇಕೋ ಅದು" ಅನ್ನುವ ಮಾತೇ ಹೆಚ್ಚು ಅಪಾಯದ್ದು, ಯಾಕೆಂದರೆ ಕೇಳಲು ಹಿತವಾಗಿದೆ. 1983ರ ಜುಲೈ 23ರಂದು ಕೆನಡಾದಲ್ಲಿ ಒಂದು ವಿಮಾನದ ಎಂಜಿನ್‌ಗಳು ಆಕಾಶದಲ್ಲೇ ಇಂಧನ ಖಾಲಿಯಾಗಿ ನಿಂತುಹೋದವು. ಬೇಕಿದ್ದದ್ದು 22,300 ಕೆಜಿ. ಹೊಸ ವಿಮಾನ ಕೆಜಿಯಲ್ಲಿ, ಲೆಕ್ಕ ಹಾಕಿದವರು ಹಳೆಯ ಪೌಂಡಿನ ಅಂಕಿ ಹಿಡಿದು. ಅರ್ಧಕ್ಕಿಂತ ಕಮ್ಮಿ ಇಂಧನ ತುಂಬಿತ್ತು. ಪೈಲಟ್‌ಗಳು ಗಿಮ್ಲಿ ಎಂಬ ಊರಿನ ಹಳೇ ವಾಯುನೆಲೆಯಲ್ಲಿ ಗಾಳಿಯಲ್ಲಿ ತೇಲಿಸಿಕೊಂಡು ಬಂದು ಇಳಿಸಿದರು, ಯಾರ ಜೀವವೂ ಹೋಗಲಿಲ್ಲ. ಎರಡು ಅಳತೆ ಒಟ್ಟಿಗೆ ಓಡಾಡುವ ಕಾಲ ಎಷ್ಟು ಚಿಕ್ಕದಾಗಿದ್ದರೆ ಅಷ್ಟು ಒಳ್ಳೆಯದು. ನಿಮ್ಮ ಬಡಾವಣೆಯಲ್ಲಿ ಅದಕ್ಕೆ ಮೂರು ತಿಂಗಳು ಸಾಕು. ಆಮೇಲಿನ ಹೊಸ ಕೆಲಸಗಳೆಲ್ಲ ಮಿಲಿಮೀಟರಿನಲ್ಲೇ ಶುರುವಾಗಲಿ. ಅರ್ಧ ಎದ್ದ ಮನೆಯ ಅಳತೆ ಮಾತ್ರ ಮಧ್ಯದಲ್ಲಿ ಬದಲಿಸಬೇಡಿ.

"ವಯಸ್ಸಾದವರಿಗೆ ಕಷ್ಟ" ಅನ್ನುವುದು ನಿಜ. ಅವರು ಅಡಿಯಲ್ಲೇ ಮಾತಾಡಲಿ, ತಿದ್ದಬೇಡಿ. ಬರೆಯುವುದು ಮಾತ್ರ ಮಿಲಿಮೀಟರಿನಲ್ಲಿ ಇರಲಿ.

ಆರು ತಿಂಗಳ ಮೇಲೆ ಅದೇ ನೋಟ್‌ಬುಕ್ ತೆರೆಯಿರಿ

ಮೊದಲ ವಾರ ಓಡಾಡಿದ ಅದೇ ಬೀದಿಗಳಲ್ಲಿ ಮತ್ತೆ ಓಡಾಡಿ. ಎಷ್ಟು ನಕ್ಷೆಗಳು ಮಿಲಿಮೀಟರಿನಲ್ಲಿವೆ, ಎಷ್ಟು ಗುತ್ತಿಗೆ ಪತ್ರದಲ್ಲಿ ಆ ಎರಡು ಸಾಲು ಸೇರಿದೆ, ಅಂಗಡಿಯಲ್ಲಿ ಮಿಲಿಮೀಟರ್ ಟೇಪು ಎಷ್ಟು ಮಾರಾಟವಾಗಿದೆ ಎಂದು ಎಣಿಸಿ. ಎಣಿಸದೆ "ಜನ ಬದಲಾಗಿದ್ದಾರೆ" ಅಂತ ಹೇಳಬೇಡಿ. ಸಂಖ್ಯೆ ಕಮ್ಮಿ ಇದ್ದರೆ ಮೇಸ್ತ್ರಿಯನ್ನೇ ಕೇಳಿ, ಎಲ್ಲಿ ತೊಡಕಾಯಿತು ಎಂದು. ನನಗೆ ಒಮ್ಮೆ ಸಿಕ್ಕ ಉತ್ತರ ಇದು: "ಸಾರ್, ಟೇಪು ಸರಿ ಇದೆ, ರಸಮಟ್ಟದ ಮೇಲೆ ಇನ್ನೂ ಇಂಚಿನ ಗೆರೆ ಇದೆ." ಮಾರನೇ ದಿನವೇ ಅದರ ಮೇಲೂ ಅಂಟುಪಟ್ಟಿ ಹಚ್ಚಿದೆವು.